ನೆನಪಿನ ಮಾಸ್ಟ್ರೂ ಮರೆಯುವ ಊರೂ

ಮನುಷ್ಯನಿಗೆ ತಲೆ ಇರುವವರೆಗೆ ಮರೆವು ತಪ್ಪಿದ್ದಲ್ಲ. ಮರೆವು ಇರುವವರೆಗೆ ನನ್ನ ಮನೆ ಬಾಗಿಲಿಗೆ ಜನ ಬರುವುದೂ ತಪ್ಪಿದ್ದಲ್ಲ. ಸ್ವಾತಂತ್ರ್ಯ ಬಂದ ಮೇಲಿನ ವರ್ಷಗಳಲ್ಲಿ ನಾನು ಮಂಗಳೂರಿನಲ್ಲಿ ಮಾಸ್ಟ್ರಾಗುವವರಿಗೆ ಪಾಠ ಹೇಳುವ ಮಾಸ್ಟ್ರು. ಮನಶ್ಶಾಸ್ತ್ರದಲ್ಲಿ ನೆನಪು, ಮರೆವು ಎರಡೂ ನನ್ನ ಪಾಲಿಗೇ ಬಂದದ್ದು. ‘ನೆನಪಿನ ಮಾಸ್ಟ್ರು’ ಅಂತ ಒಮ್ಮೆ ಹೆಸರು ಬಿತ್ತು ನೋಡಿ, ಊರಿನಲ್ಲಿ ಯಾರಿಗೆ ಎಂತ ಮರೆತರೂ ಜವಾಬ್ದಾರಿ ನನ್ನದು. ನಾನೂ ಹಿಂದೆ ಸರಿದವನಲ್ಲ. ಶಾಸ್ತ್ರ ಗೊತ್ತುಂಟು, ಹೆದರುವುದು ಯಾಕೆ?

ಬೀಗದ ಕೈ

ಮಣ್ಣಗುಡ್ಡದಲ್ಲಿ ನಮ್ಮ ಪಕ್ಕದ ಮನೆಯ ಅಮ್ಮ ಒಂದು ಬೆಳಿಗ್ಗೆ ಬಂದರು. “ಕಪಾಟಿನ ಬೀಗದ ಕೈ ಎಲ್ಲಿಟ್ಟೆ ಅಂತಲೇ ನೆನಪಾಗುವುದಿಲ್ಲ ಮಾಸ್ಟ್ರೇ.”

“ಸುಲಭ,” ಅಂದೆ. “ಎಲ್ಲೆಲ್ಲಿ ಓಡಾಡಿದಿರೋ ಅಲ್ಲೆಲ್ಲ ಇನ್ನೊಮ್ಮೆ ಹೋಗಿ ನಿಲ್ಲಿ. ಜಾಗವೇ ನೆನಪು ಮಾಡಿ ಕೊಡ್ತದೆ.”

ಅವರು ಬಾವಿಕಟ್ಟೆಯಲ್ಲಿ ನಿಂತರು, ಜಗಲಿಯಲ್ಲಿ ನಿಂತರು, ಕೊನೆಗೆ ನಮ್ಮ ಅಡುಗೆಮನೆಗೂ ಬಂದು ನಿಂತರು. ಸ್ವಲ್ಪ ಹೊತ್ತಿಗೆ ಮುಖ ಅರಳಿತು. “ನೆನಪಾಯ್ತು,” ಅಂದರು.

ನೆನಪಾದದ್ದು ಬೀಗದ ಕೈ ಅಲ್ಲ, ಯಾವುದೋ ಕಾಲದಲ್ಲಿ ನನ್ನ ಹೆಂಡತಿ ಕೇಳಿ ತಂದಿದ್ದ ಅವರ ಸೇಮಿಗೆ ಒತ್ತುವ ಮಣೆ. ಅದನ್ನು ಎತ್ತಿಕೊಂಡೇ ಹೋದರು. ನನ್ನ ಶಾಸ್ತ್ರ ಸರಿಯೇ ಇತ್ತು ಅಂತ ಹೆಂಡತಿಗೆ ಎಷ್ಟು ಹೇಳಿದರೂ ಆ ದಿನ ಮಧ್ಯಾಹ್ನದ ಊಟ ಬಹಳ ತಡವಾಗಿ ಬಂತು.

ಬೇರೆಯವರ ಕೊಡೆ

ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಬ್ಯಾರಿ ಸಾಹುಕಾರರೊಬ್ಬರು ನನಗೆ ಬಹಳ ಬೇಕಾದವರು. “ಯಾರ ಮದುವೆಗೆ ಯಾವ ಬಣ್ಣದ ಸೀರೆ ಹೋಯ್ತು ಅಂತ ಈಗಲೂ ಹೇಳ್ತೇನೆ ಮಾಸ್ಟ್ರೇ. ಕೊಡೆ ಮಾತ್ರ ಹೋದಲ್ಲೇ ಬಿಟ್ಟು ಬರ್ತೇನೆ. ಇದೆಂತ ರೋಗ?” ಅಂತ ಕೇಳಿದರು.

“ಮನಸ್ಸು ಇದ್ದಲ್ಲಿ ನೆನಪು. ನಿಮಗೆ ಸೀರೆಯ ಮೇಲೆ ಮನಸ್ಸುಂಟು, ಕೊಡೆಯ ಮೇಲೆ ಇಲ್ಲ. ನನ್ನ ಕೊಡೆ ತಗೊಂಡು ಹೋಗಿ. ಬೇರೆಯವರದ್ದು ಅಂದರೆ ಮನಸ್ಸು ಅದರ ಮೇಲೆಯೇ ಇರ್ತದೆ.”

ಉಪಾಯ ನೂರಕ್ಕೆ ನೂರು ಫಲಿಸಿತು. ಮರುದಿನ ಜಡಿಮಳೆಯಲ್ಲಿ ಸಾಹುಕಾರರು ಅಡಿಯಿಂದ ಮುಡಿಯವರೆಗೆ ತೊಯ್ದು ಬಂದರು. ನನ್ನ ಕೊಡೆ ಮೇಣದ ಬಟ್ಟೆಯಲ್ಲಿ ಸುತ್ತಿಕೊಂಡು ಅವರ ಕಂಕುಳಲ್ಲಿ ಭದ್ರವಾಗಿತ್ತು.

“ಬಿಡಿಸಲಿಲ್ಲವಾ ಮಾರಾಯ್ರೇ?”

“ಬೇರೆಯವರ ಕೊಡೆ ಒದ್ದೆ ಮಾಡ್ಲಿಕ್ಕಾಗ್ತದಾ ಮಾಸ್ಟ್ರೇ?”

ಮೂವರು ಮಾವಂದಿರು

ನನ್ನ ತಂಗಿಯ ಮಗ, ಅಂದರೆ ನನ್ನ ಅಳಿಯ, ಚಿನ್ನದಂಥ ಹುಡುಗ. ಆದರೆ ಹೆಸರು ಅವನ ತಲೆಯಲ್ಲಿ ನಿಲ್ಲುವುದಿಲ್ಲ. ವಾಮಂಜೂರಿನ ಒಂದು ಹುಡುಗಿಯ ಮೇಲೆ ಅವನಿಗೆ ಮನಸ್ಸಾಗಿತ್ತು. ಸಂಬಂಧದ ಮಾತೂ ಎದ್ದಿತು. ನಮ್ಮಲ್ಲಿ ಹುಡುಗಿಯ ಸೋದರಮಾವಂದಿರು ಒಪ್ಪದೆ ಯಾವ ಮದುವೆಯೂ ಆಗುವುದಿಲ್ಲ. ಅಲ್ಲಿ ಮಾವಂದಿರು ಮೂವರು. ಹೆಸರು ತಪ್ಪಿದರೆ ಮರ್ಯಾದೆ ತಪ್ಪಿತು ಅನ್ನುವ ಜಾತಿ. ಹುಡುಗ ಅನ್ನ ನೀರು ಬಿಟ್ಟ.

“ನಾನಿದ್ದೇನೆ,” ಅಂದೆ. “ಬರೀ ಹೆಸರು ಜಾರ್ತದೆ, ಚಿತ್ರ ನಿಲ್ತದೆ. ದೊಡ್ಡ ಮಾವನಿಗೆ ಹೊಟ್ಟೆ ಉಂಟು, ಕುಂಬಳಕಾಯಿ ಅಂತ ಇಟ್ಟುಕೋ. ಎರಡನೆಯವರು ಉದ್ದ ಸಪೂರ, ಪಡುವಲಕಾಯಿ. ಮೂರನೆಯವರ ಮುಖ ಯಾವಾಗಲೂ ಕಹಿ, ಹಾಗಲಕಾಯಿ. ಮುಖ ನೋಡಿದ ಕೂಡಲೇ ತರಕಾರಿ, ತರಕಾರಿಯ ಹಿಂದೆಯೇ ಹೆಸರು. ಗೊತ್ತಾಯ್ತಲ್ಲ?”

ಬಸ್ಸಿನಲ್ಲಿ ದಾರಿಯಿಡೀ ಬಾಯಿಪಾಠ ಮಾಡಿಸಿದೆ. ಗದ್ದೆ ಬದುವಿನಲ್ಲಿ ನಡೆಯುವಾಗ ಇನ್ನೊಮ್ಮೆ ಕೇಳಿದೆ. ಒಂದೂ ತಪ್ಪಲಿಲ್ಲ. ಗೆದ್ದೆವು ಅಂದುಕೊಂಡೆ.

ಚಾವಡಿಯಲ್ಲಿ ಮೂವರೂ ಸಾಲಾಗಿ ಕೂತಿದ್ದರು. ದೊಡ್ಡ ಮಾವ ಗಂಟಲು ಸರಿಮಾಡಿಕೊಂಡು, “ನಿನಗೆ ಸ್ವಲ್ಪ ಮರೆವು ಅಂತ ಕೇಳಿದೆ. ನನ್ನ ಗುರುತು ಉಂಟಲ್ಲ?” ಅಂದರು.

ಹುಡುಗ ಧೈರ್ಯವಾಗಿ ಎದ್ದು ಕೈಮುಗಿದ. “ಉಂಟು. ಕುಂಬಳಕಾಯಿ ಮಾವ.”

ನನಗೆ ನೆಲ ಬಾಯಿಬಿಡಬಾರದಾ ಅನ್ನಿಸಿತು. ಸಪೂರದವರು ಮೆಲ್ಲಗೆ, “ನಾನು?” ಅಂದರು. ಬೇಡ ಬೇಡ ಅಂತ ನಾನು ಕಣ್ಣುಸನ್ನೆ ಮಾಡಿದೆ. ಪಾಪ, ಹುಡುಗನಿಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ. ಪಡುವಲಕಾಯಿಯೂ ಹೊರಗೆ ಬಂತು, ಯಾರೂ ಕೇಳದೆ ಹಾಗಲಕಾಯಿಯೂ ಬಂತು.

“ಇದೆಂತ ಮಾಸ್ಟ್ರೇ?” ಅಂದರು ದೊಡ್ಡ ಮಾವ.

“ನೆನಪಿನಲ್ಲಿ ಎರಡು ಮೆಟ್ಟಿಲು ಉಂಟು. ಹುಡುಗ ಒಂದು ಹತ್ತಿದ್ದಾನೆ,” ಅಂತ ನಾನು ಶಾಸ್ತ್ರ ಬಿಡಿಸಲು ಕೂತೆ.

ಅಷ್ಟರಲ್ಲಿ ಬಾಗಿಲ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಹುಡುಗಿ ಕಾಫಿಯ ತಟ್ಟೆ ಹಿಡಿದು ಹೊರಗೆ ಬಂದಳು. ನಕ್ಕು ನಕ್ಕು ಕಣ್ಣಲ್ಲಿ ನೀರು. ಅಳಿಯನನ್ನೇ ನೇರ ಕೇಳಿದಳು: “ನನ್ನನ್ನು ಯಾವ ತರಕಾರಿ ಅಂತ ಇಟ್ಟುಕೊಂಡದ್ದು?”

“ನಿಮಗೆ ತರಕಾರಿ ಬೇಕಾಗಲಿಲ್ಲ,” ಅಂದ ಹುಡುಗ. “ಉರ್ವ ಮಾರ್ಕೆಟಿನ ಹತ್ತಿರ ಬಸ್ಸಿಗೆ ಕಾಯುತ್ತಿದ್ದಿರಿ. ನೀಲಿ ಸೀರೆ. ಜಡೆಯಲ್ಲಿ ಅಬ್ಬಲಿಗೆ ಹೂ. ನಿಮ್ಮ ಜಾಗ ಬಿಟ್ಟು ಒಬ್ಬ ಮುದುಕಿಯನ್ನು ಮುಂದೆ ಹತ್ತಿಸಿದಿರಿ. ಅದೊಂದು ಮರೆತೇ ಇಲ್ಲ.”

ನನ್ನ ಎದೆ ತುಂಬಿ ಬಂತು. ಹಾಗಲಕಾಯಿಯವರ ಮುಖ ಕೂಡ ಸ್ವಲ್ಪ ಸಿಹಿಯಾಯಿತು. ದೊಡ್ಡ ಮಾವ ಮೀಸೆಯಡಿಯಲ್ಲೇ ನಕ್ಕು, “ಆಗಲಿ ಮಾರಾಯ, ನಮ್ಮದು ಹಾಳಾಗಿ ಹೋಗಲಿ. ಅವಳ ಹೆಸರೊಂದು ಹೇಳು, ಮಾತು ಮುಗಿಸುವ,” ಅಂದರು.

ಹುಡುಗ ನನ್ನ ಮುಖ ನೋಡಿದ.

ಹುಡುಗಿ ಅವನ ಕೈಗೆ ಕಾಫಿ ಕೊಟ್ಟು, “ನನ್ನ ಹೆಸರು ನಾನೇ ಕಲಿಸಿಕೊಡ್ತೇನೆ,” ಅಂದಳು. “ಮಾವಂದಿರ ಹೆಸರು ಮಾತ್ರ ಯಾರೂ ತಿದ್ದಬೇಡಿ.”