ಹುಳಿಯಿಲ್ಲದ ಪತ್ರೊಡೆ

ಒಂಬತ್ತನೇ ತರಗತಿಯನ್ನು ಒಂದೇ ಡಬ್ಬಿ ಪತ್ರೊಡೆಯಿಂದ ಗೆದ್ದು ಬರುತ್ತೇನೆಂದು ಕಾಪುವಿನ ವಿಜ್ಞಾನ ಮಾಸ್ತರರಾದ ಅನಂತೇಶರು ಹೊರಟದ್ದು ದಿಗ್ವಿಜಯಕ್ಕೆ ಹೊರಟ ಅರಸನ ಠೀವಿಯಲ್ಲಿ! ಪಂಥವೇನು ಸಣ್ಣದಲ್ಲ. ಪತ್ರೊಡೆ ರುಚಿಯಾದರೆ ಮಕ್ಕಳು ಒಂದು ತಿಂಗಳು ಪ್ಯಾಕೆಟ್ ತಿಂಡಿ ಮುಟ್ಟುವಂತಿಲ್ಲ. ಕೆಟ್ಟರೆ ಮಾಸ್ತರರು ಊಟತಿಂಡಿಯ ಬಗ್ಗೆ ವರ್ಷವಿಡೀ ಬಾಯಿ ತೆರೆಯುವಂತಿಲ್ಲ. ಬಾಯಿ ಮುಚ್ಚಿದ ಅನಂತೇಶರನ್ನು ಕಾಪು ಈವರೆಗೆ ಕಂಡದ್ದೇ ಇಲ್ಲ.

ನಿಯಮವೂ ಅವರದ್ದೇ. ದೂರದಿಂದ ಲಾರಿ ಹತ್ತಿ ಬಂದದ್ದು ಪಾತ್ರೆಗೆ ಬೀಳಕೂಡದು. ಹಿಟ್ಟು ಸವರಿ ಸುತ್ತಿ ಬೇಯಿಸುವ ಕೆಸುವಿನ ಎಲೆ ಶಾಲೆಯ ಬಾವಿಕಟ್ಟೆಯ ಬಳಿಯದ್ದು, ಕಾಯಿ ಶಾಲೆಯ ತೆಂಗಿನದ್ದು, ಅಕ್ಕಿ ಪೆರ್ಡೂರಿನ ಗದ್ದೆಯದ್ದು. ಹುಣಸೆಹುಳಿ? ಅಂಗಡಿಯಲ್ಲಿರುವುದು ಘಟ್ಟದಾಚೆಯದ್ದು. ಬಹಿಷ್ಕಾರ!

ಹೆಂಡತಿ ಸುಭಾಷಿಣಿ ಬೆಳಿಗ್ಗೆಯೇ ಎಚ್ಚರಿಸಿದ್ದರು. “ಹುಳಿ ಹಾಕದಿದ್ದರೆ ತುರಿ ಜಾಸ್ತಿಯಾಗ್ತದೆ, ನೋಡಿ.”

“ಆಗಲಿ ಮಾರಾಯ್ತಿ. ಕಾಯಿಗೆ ಎಂತ ಬರಗಾಲ?”

ತರಗತಿಯಲ್ಲಿ ಮೂವತ್ತೆರಡು ಕೈಗಳಿಗೆ ಮೂವತ್ತೆರಡು ತುಂಡು ಹಂಚಿದ್ದಾಯಿತು. ಗುರುಗಳೇ ಮೊದಲು ತಿನ್ನಲಿ ಎಂದಳು ರಿಝಾನಾ. ಸೋಮವಾರವಷ್ಟೇ ಅವಳ ಹುಣಸೆ ಮಿಠಾಯಿಯ ಪ್ಯಾಕೆಟ್ ಕಸಿದು ಮೇಜಿನ ಡ್ರಾಯರಿಗೆ ಹಾಕಿದ್ದ ಮಾಸ್ತರರು ದೊಡ್ಡ ತುಂಡನ್ನೇ ಬಾಯಿಗಿಟ್ಟು ನುಂಗಿದರು.

ಮೊದಲು ನಾಲಗೆಯ ತುದಿ ಚುರುಗುಟ್ಟಿತು. ಆಮೇಲೆ ಗಂಟಲೊಳಗೆ ಯಾರೋ ತೆಂಗಿನ ನಾರಿನಿಂದ ಉಜ್ಜತೊಡಗಿದರು. ಸುಭಾಷಿಣಿ ಹೇಳಿದ ತುರಿ ಕಾಯಿಯದ್ದಲ್ಲ! ಹುಳಿ ಸೇರದ ಕೆಸುವಿನದ್ದು!

ಮಾಸ್ತರರು ಮುಗುಳ್ನಕ್ಕರು. ಕಣ್ಣಲ್ಲಿ ನೀರು ತುಂಬಿತು, ನಗೆ ಕದಲಲಿಲ್ಲ. ಕೆಮ್ಮಿದರೆ ಪಂಥ ಹೋಯಿತು. ಕೆಮ್ಮದಿದ್ದರೆ ಮೂವತ್ತೆರಡು ಗಂಟಲು ಹೋಯಿತು. ಅಷ್ಟರಲ್ಲಿ ಗುರುಗಳ ನಗೆಯನ್ನೇ ನಂಬಿ ಮೂವತ್ತೆರಡು ಕೈಗಳು ಬಾಯಿಯತ್ತ ಏಳತೊಡಗಿದವು.

“ತಿನ್ನಬೇಡಿ!”

ಅದರ ಹಿಂದೆಯೇ ಬಂದ ಕೆಮ್ಮು ಪಕ್ಕದ ತರಗತಿಯ ಗಣಿತವನ್ನೂ ನಿಲ್ಲಿಸಿತು. ರಿಝಾನಾ ಓಡಿಬಂದು ಡ್ರಾಯರ್ ಎಳೆದಳು.

“ಹುಳಿ ಉಂಟು ಸಾರ್ ಇದರಲ್ಲಿ. ಬೇಗ ಚೀಪಿ.”

ಮಾಸ್ತರರು ಒಂದು ಚೀಪಿದರು, ಎರಡು ಚೀಪಿದರು, ನಾಲ್ಕನೆಯದಕ್ಕೆ ತಾವೇ ಕೈಚಾಚಿದರು. ಪ್ಯಾಕೆಟ್‌ನ ಹಿಂಬದಿ ಓದದೆ ಏನನ್ನೂ ತಿನ್ನಬಾರದೆಂದು ಕಲಿಸಿದ್ದು ಅವರೇ. ಆದ್ದರಿಂದ ಅವಳು ಗಟ್ಟಿಯಾಗಿ ಓದಿದಳು.

“ಹುಣಸೆ, ಬೆಲ್ಲ, ಉಪ್ಪು. ತಯಾರಿಕೆ ಬೆಳ್ಮಣ್. ಇಲ್ಲೇ ಹತ್ತಿರ, ಲಾರಿ ಬೇಡ ಸಾರ್, ನನ್ನ ಮಾಮಿ ಬಸ್ಸಿನಲ್ಲೇ ತರ್ತಾರೆ.”

ಉತ್ತರಿಸಲು ಬಾಯಿ ತೆರೆಯುವಂತಿರಲಿಲ್ಲ. ಪಂಥ ಸೋತಾಗಿತ್ತು, ಬಾಯಿಯಲ್ಲಿ ಮಿಠಾಯಿಯೂ ಇತ್ತು.

ಸಂಜೆ, ಹಂಚಿದ ತುಂಡುಗಳನ್ನೆಲ್ಲ ಮರಳಿ ತುಂಬಿದ ಡಬ್ಬಿಯೊಂದಿಗೇ ಮನೆ ಸೇರಿದ ಗಂಡನ ಕೆಂಪು ಮೂಗನ್ನು ಸುಭಾಷಿಣಿ ಒಂದು ಕ್ಷಣ ನೋಡಿದರು. ಕೇಳಿದ್ದು ಒಂದೇ ಮಾತು.

“ತುರಿ ಸಾಕಾಯ್ತಾ?”