ಅರಿಶಿಣದ ಕೆಳಗೊಬ್ಬ ಮೇಜರ್

ಇಂಗ್ಲಿಷ್ ಕಲಿಸಿದವನಿಗೆ ನಿವೃತ್ತಿ ಎಂಬುದಿಲ್ಲ. ಗಣಿತದ ಮಾಸ್ತರರು ಬೀಳ್ಕೊಡುಗೆಯ ಶಾಲು ಹೊದ್ದ ಮರುದಿನವೇ ಪ್ರಮೇಯಗಳನ್ನೆಲ್ಲ ಮರೆತು ಕಟ್ಟೆಯ ಮೇಲೆ ಹಾಯಾಗಿ ಕೂಡಬಹುದು. ನನ್ನ ಹಣೆಬರಹ ಹಾಗಲ್ಲ. ಬಸವಕಲ್ಯಾಣದ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಸಹಶಿಕ್ಷಕನಾಗಿದ್ದು, ಸಹಶಿಕ್ಷಕನಾಗಿಯೇ ನಿವೃತ್ತನಾಗಿ ಹುಮನಾಬಾದಿನ ಮನೆ ಸೇರಿದೆ. ಆದರೂ ಓಣಿಯಲ್ಲಿ ಯಾರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯಬೇಕಾದರೂ ನಮ್ಮ ಬಾಗಿಲೇ ಗತಿ. ನಾನೂ ಬೇಡ ಎನ್ನುವುದಿಲ್ಲ. ನಿಜ ಹೇಳಬೇಕೆಂದರೆ ಎರಡು ದಿನ ಯಾರೂ ಬರದಿದ್ದರೆ ನನಗೆ ಊಟ ರುಚಿಸುವುದಿಲ್ಲ.

ನಮ್ಮ ಓಣಿಯ ಒಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು. ಇಲ್ಲಿ ಮನುಷ್ಯನನ್ನು ಅವನ ಹುದ್ದೆಗಿಂತ ಎರಡು ಮೆಟ್ಟಿಲು ಮೇಲಿಟ್ಟು ಕರೆಯುತ್ತಾರೆ. ಕಂಪೌಂಡರ್ ರಹಮಾನ್ ಮಿಯಾ ನಮಗೆಲ್ಲ ಡಾಕ್ಟರ್ ಸಾಬ್. ಕರೆಂಟಿನ ಕಂಬ ಹತ್ತುವವರು ಇಂಜಿನಿಯರ್ ಸಾಬ್. ಕೋರ್ಟಿನ ಮುಂದೆ ಕೂತು ಟೈಪು ಮಾಡುವವರು ವಕೀಲ್ ಸಾಬ್. ಇದರಲ್ಲಿ ಕುಹಕವಿಲ್ಲ, ಬರೀ ಪ್ರೀತಿ. ಸರಕಾರ ಕೊಡದ ಬಡ್ತಿಯನ್ನು ಚಹಾದಂಗಡಿ ಕೊಡುತ್ತದೆ, ಅಷ್ಟೆ. ಹೀಗಾಗಿ ಎದುರುಮನೆಯ ಹಣಮಂತಪ್ಪನವರು, ಸೈನ್ಯದಿಂದ ಬಂದವರಾದ್ದರಿಂದ, ನಾನು ಈ ಓಣಿಗೆ ಬರುವ ಮೊದಲಿನಿಂದಲೂ ಮೇಜರ್ ಸಾಬ್.

ಆ ಹಣಮಂತಪ್ಪನವರು ಒಂದು ಬೆಳಿಗ್ಗೆ ಬಂದು, ಮೀಸೆ ಸವರಿಕೊಂಡು ಕೂತರು. "ಮಾಸ್ತರ್ರ, ಮಗಳ ಲಗ್ನ ಗೊತ್ತಾಗ್ಯಾದ. ಬೀಗರು ಹುಲಸೂರಿನವರು. ಅವರೂ ಪಲ್ಟನ್‌ದಾಗ ಇದ್ದವರು. ಪಂಜಾಬ್, ಕೇರಳ ಎಲ್ಲಾ ಕಡಿಂದ ದೋಸ್ತರು ಬರಾಕತ್ತಾರ. ಕಾರ್ಡಿನ ಒಂದ್ ಬಾಜೂ ಇಂಗ್ಲಿಷ್‌ದಾಗ ಆಗ್ಬೇಕು. ನೀವೇ ಬರ್ದು ಪ್ರೆಸ್ಸಿಗೆ ಕೊಟ್ಟುಬಿಡ್ರಿ. ಕೆಳಗ ಸುಖಾಗಮನ ಬಯಸೋರ ಸಾಲಿನಾಗ ನಿಮ್ಮ ಹೆಸರೂ ಇರ್ಲಿ" ಎಂದರು. ಮಗಳ ಮದುವೆಯ ಓಡಾಟದಲ್ಲಿ ಅವರು ಚಹಾ ಕುಡಿಯುವಷ್ಟೂ ನಿಲ್ಲಲಿಲ್ಲ.

ನನ್ನ ಉತ್ಸಾಹಕ್ಕೆ ಕೇಳಬೇಕೆ? ಸೈನ್ಯದ ಹುದ್ದೆಯನ್ನು ಇಂಗ್ಲಿಷ್ ವಾಕ್ಯದಲ್ಲಿ ಹೇಗೆ ಬಳಸಬೇಕು ಎಂಬುದನ್ನು ಮೂರು ದಿನ ಅಭ್ಯಾಸ ಮಾಡಿದೆ. ಹಳೆಯ ವ್ಯಾಕರಣದ ಪುಸ್ತಕ ತೆಗೆದೆ, ಮೊಬೈಲಿನಲ್ಲಿ ಹುಡುಕಿದೆ. ಹುದ್ದೆ ಹೆಸರಿಗಿಂತ ಮೊದಲು ಬರಬೇಕು. ಅದರ ಜೊತೆ ಮಿಸ್ಟರ್ ಸೇರಿಸಬಾರದು. ನಿವೃತ್ತ ಎಂಬುದು ಹೆಸರಾದ ಮೇಲೆ ಕಂಸದೊಳಗೆ ತೆಪ್ಪಗೆ ಕೂಡಬೇಕು. ಹೆಸರಿನೊಡನೆ ಬಂದರೆ ದೊಡ್ಡಕ್ಷರ, ವಾಕ್ಯದ ನಡುವೆ ಒಂಟಿಯಾಗಿ ತಿರುಗಾಡಿದರೆ ಸಣ್ಣಕ್ಷರ. ಇದನ್ನೆಲ್ಲ ನನ್ನ ಹೆಂಡತಿಗೆ ಬೇಡವೆಂದರೂ ವಿವರಿಸಿದೆ. ಅವಳು ಮೆಂತ್ಯ ಸೋಸುತ್ತ, "ಅಷ್ಟು ವಿಚಾರ ಮಾಡೋದು ಬಿಟ್ಟು ಅವರನ್ನೇ ಒಂದು ಮಾತು ಕೇಳ್ರಿ" ಎಂದಳು. ವ್ಯಾಕರಣದ ವಿಷಯದಲ್ಲಿ ಅವರನ್ನೇನು ಕೇಳುವುದು ಎಂದು ನಾನು ನಕ್ಕೆ. ಕರಡನ್ನು ಐದು ಸಲ ತಿದ್ದಿ, ಬಸವಕಲ್ಯಾಣದ ಬಸ್ಸು ಹತ್ತಿ, ಪ್ರೆಸ್ಸಿಗೆ ಕೊಟ್ಟು ಬಂದೆ.

ಮುನ್ನೂರು ಕಾರ್ಡು ಅಚ್ಚಾಗಿ ಬಂದವು. ಹಣಮಂತಪ್ಪನವರು ಕಟ್ಟು ಬಿಚ್ಚಿ ಒಂದನ್ನು ಓದಿದವರು, ಅದನ್ನೇ ಹಿಡಿದುಕೊಂಡು ಚಪ್ಪಲಿಯನ್ನೂ ಮೆಟ್ಟದೆ ನಮ್ಮ ಮನೆಗೆ ಬಂದರು.

"ಮಾಸ್ತರ್ರ, ನನ್ನ ಮಗಳ ಲಗ್ನ ಮಾಡಾಕತ್ತಿರೋ ಈ ಮೇಜರ್ ಯಾರ್ರಿ?"

ನಾನು ಅವರ ಮುಖ ನೋಡಿದೆ. "ನೀವೇ ಅಲ್ಲೇನ್ರಿ?"

"ನಾ ಹವಾಲ್ದಾರ್ ಇದ್ದೆ. ಹವಾಲ್ದಾರ್ ಅಂತ ಹೇಳಿದ್ರ ಈ ಓಣ್ಯಾಗ ಪೊಲೀಸ್ ಠಾಣೆದವ ಅಂತ ತಿಳೀತಾರ. ಹೇಳಿ ಹೇಳಿ ಸಾಕಾಗಿ ಸುಮ್ನಾಗಿದ್ದೆ. ಆದ್ರ ಬೀಗರು ಸುಬೇದಾರ್ ಇದ್ದವರು. ಹನ್ನೊಂದು ವರ್ಷ ಅವರ ಕೈಕೆಳಗ ಕೆಲಸ ಮಾಡೇನಿ, ದಿನಾ ಸೆಲ್ಯೂಟ್ ಹೊಡದೇನಿ. ಈ ಕಾರ್ಡಿನ ಪ್ರಕಾರ ಅವರೇ ನನಗ ಸೆಲ್ಯೂಟ್ ಹೊಡೀಬೇಕಾಗ್ತದ. ಸುಳ್ಳು ಹುದ್ದೆ ಹಚ್ಕೊಂಡವನ ಮಗಳನ್ನ ಅವರು ಹ್ಯಾಂಗ ಮನಿ ತುಂಬಿಸ್ಕೋತಾರ?"

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಹುದ್ದೆಯನ್ನು ಎಲ್ಲಿಡಬೇಕೆಂದು ಮೂರು ದಿನ ತಲೆ ಕೆಡಿಸಿಕೊಂಡವನು, ಆ ಹುದ್ದೆ ಯಾವುದೆಂದು ಒಂದು ಸಲವೂ ಕೇಳಿರಲಿಲ್ಲ.

ಪ್ರೆಸ್ಸಿಗೆ ಫೋನು ಮಾಡಿದರೆ, ಲಗ್ನದ ಸೀಜನ್, ವಾರ ಬಿಟ್ಟು ನೋಡೋಣ ಎಂದರು. ಕಾರ್ಡುಗಳು ಮರುದಿನವೇ ಹೊರಡಬೇಕಿತ್ತು. ನಾನು ಪೆನ್ನು ತೆಗೆದು ಮೇಜರ್ ಮೇಲೆ ಗೀಟು ಎಳೆಯಹೊರಟೆ. ನನ್ನ ಹೆಂಡತಿ ಕೈ ಹಿಡಿದಳು. "ಶುಭಕಾರ್ಯದ ಕಾರ್ಡಿನ ಮ್ಯಾಲ ಕರೀ ಗೀಟು ಎಳೀತೀರೇನು? ಹೆಂಗಿದ್ರೂ ನಾಕು ಮೂಲಿಗೆ ಅರಿಶಿಣ ಹಚ್ಚಬೇಕಲ್ಲ, ಐದನೇದು ಅಲ್ಲಿ ಹಚ್ಚಿದ್ರಾಯ್ತು."

ಅಂದು ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ, ಓಣಿಯ ಹೆಂಗಸರೆಲ್ಲ ಬಟ್ಟಲಲ್ಲಿ ಅರಿಶಿಣ ಕಲಸಿಕೊಂಡು ಕೂತರು. ಒಬ್ಬೊಬ್ಬ ಮೇಜರನ ಮೇಲೂ ದಪ್ಪಗೆ ಅರಿಶಿಣ ಬಿತ್ತು. ಒಣಗಿದ ಮೇಲೆ ಅದರ ಮೇಲೆ ಕೆಂಪು ಶಾಯಿಯಲ್ಲಿ ಹವಾಲ್ದಾರ್ ಎಂದು ಇಂಗ್ಲಿಷಿನಲ್ಲಿ ಬರೆಯುವ ಕೆಲಸ ನನ್ನದು. ತಪ್ಪು ಬರೆದ ಮಕ್ಕಳಿಗೆ ನೂರು ಸಲ ಬರೆಯಲು ಹಚ್ಚುತ್ತಿದ್ದ ನಾನು ಒಂದೇ ಪದವನ್ನು ಮುನ್ನೂರು ಸಲ ಬರೆದೆ. ಸುತ್ತ ನಗೆ, ಸೋಬಾನೆ, ಅವಲಕ್ಕಿ ಚೂಡಾ, ಚಹಾ. ನಾಚಿಕೆಯ ನಡುವೆಯೂ ಅಷ್ಟು ಸಂತೋಷದ ಮಧ್ಯಾಹ್ನವನ್ನು ನಾನು ಈಚೆಗೆ ಕಂಡಿರಲಿಲ್ಲ.

ಆಗ ನನ್ನ ಹೆಂಡತಿಯ ಅರಿಶಿಣದ ಬೆರಳು ಕಾರ್ಡಿನ ಕೆಳಗಿನ ಸಾಲಿಗೆ ಬಂದು ನಿಂತಿತು. ಅಲ್ಲಿ ನಾನೇ ಬರೆದುಕೊಂಡ ನನ್ನ ಹೆಸರಿತ್ತು. ಹೆಸರಿಗಿಂತ ಮೊದಲು ಪ್ರಿನ್ಸಿಪಾಲ್, ಆಮೇಲೆ ಕಂಸದಲ್ಲಿ ನಿವೃತ್ತ, ಎಲ್ಲ ನಿಯಮದ ಪ್ರಕಾರ. ಚಹಾದಂಗಡಿ ನನಗೆ ಕೊಟ್ಟ ಬಡ್ತಿ ಅದು. ಅವಳು ಮೆಲ್ಲಗೆ, "ಏನ್ರಿ, ಇಲ್ಲೂ ಒಂದು ಹಚ್ಚಲೇನು?" ಎಂದಳು.

"ಬ್ಯಾಡ, ಅರಿಶಿಣ ಜಾಸ್ತಿ ಆದ್ರ ಕಾರ್ಡು ಚಂದ ಕಾಣಂಗಿಲ್ಲ" ಎಂದೆ. ಪಕ್ಕದಲ್ಲಿ ಕಾರ್ಡು ಎಣಿಸುತ್ತಿದ್ದ ಹಣಮಂತಪ್ಪನವರು ತಲೆಯೆತ್ತಲಿಲ್ಲ. ಕೇಳಿಸಿಲ್ಲವೆಂದು ನಾನು ಸಮಾಧಾನಪಟ್ಟುಕೊಂಡೆ.

ಬಸವಕಲ್ಯಾಣದಲ್ಲಿ ಲಗ್ನ ಜೋರಾಗಿಯೇ ನಡೆಯಿತು. ಅಕ್ಷತೆ ಬಿದ್ದ ಮೇಲೆ ಸುಬೇದಾರರು ಜೇಬಿನಿಂದ ಕಾರ್ಡು ತೆಗೆದರು. ಅರಿಶಿಣವನ್ನು ಉಗುರಿನಿಂದ ಕೆರೆದು ಎಂದೋ ಒಳಗಿನದನ್ನು ಓದಿಬಿಟ್ಟಿದ್ದರು. ಹಣಮಂತಪ್ಪನವರ ಮುಖ ಬಿಳಿಚಿತು. ಸುಬೇದಾರರು ಎಲ್ಲರೆದುರು ನೆಟ್ಟಗೆ ನಿಂತು ಹಿಮ್ಮಡಿ ಕೂಡಿಸಿ ಸೆಲ್ಯೂಟ್ ಹೊಡೆದು, "ಮೇಜರ್ ಸಾಬ್, ನಿಮ್ಮ ಮಗಳು ಇವತ್ತಿಂದ ನಮ್ಮ ಮಗಳು. ಅರಿಶಿಣ ಹಚ್ಚಿ ಖರೇ ಹುದ್ದೆ ಬರ್ಸೀರಲ್ಲ, ಅಂಥಾ ಮನಿ ನಮಗ ಬೇಕಾಗಿತ್ತು" ಎಂದು ಬೀಗರನ್ನು ತಬ್ಬಿಕೊಂಡರು. ಮಂಟಪವೆಲ್ಲ ನಕ್ಕಿತು. ಹಣಮಂತಪ್ಪನವರು ನಗುತ್ತಲೇ ಕಣ್ಣೊರೆಸಿಕೊಂಡರು.

ಆಮೇಲೆ ಸುಬೇದಾರರು, "ಈ ಇಂಗ್ಲಿಷ್ ಬರೆದವರು ಯಾರು?" ಎಂದು ವಿಚಾರಿಸಿದರು. ಇಷ್ಟು ವರ್ಷ ಇಡೀ ಓಣಿಯಲ್ಲಿ ನನ್ನನ್ನು ಮಾಸ್ತರ್ ಎಂದೇ ಕರೆಯುತ್ತ ಬಂದವರು ಹಣಮಂತಪ್ಪನವರೊಬ್ಬರೇ. ಅವರು ನನ್ನತ್ತ ತಿರುಗಿ, ಮೀಸೆಯೊಳಗೇ ನಕ್ಕು, ಬಹಳ ಮರ್ಯಾದೆಯಿಂದ, "ಇವರೇ ನೋಡ್ರಿ, ನಮ್ಮ ಪ್ರಿನ್ಸಿಪಾಲ್ ಸಾಬ್" ಎಂದರು.

ಸುಬೇದಾರರು ನನಗೂ ಒಂದು ಸೆಲ್ಯೂಟ್ ಹೊಡೆದರು. ನಾನು ಕೈ ಮುಗಿದೆ. ನನ್ನ ಉಗುರಿನ ಸಂದಿಯಲ್ಲಿ ಆ ಮಧ್ಯಾಹ್ನದ ಅರಿಶಿಣ ಇನ್ನೂ ಉಳಿದಂತೆ ಅನಿಸಿತು.