ಒಂದೆಳೆ ಪಾಕ

“ಮಾಸ್ತರ್ರ, ನನಗೂ ಓದಾಕ ಬರತೈತ್ರಿ. ಇಲ್ಲಿ ‘ಪಾಕ’ ಅಂತ ಚೊಕ್ಕ ಬರದಾನ.”

“ಅದು ಸಕ್ಕರಿ ಪಾಕ, ಜಮಾದಾರ್ರ.”

“ಸಕ್ಕರಿ ಅನ್ನೂ ಅಕ್ಷರ ಎಲ್ಲೈತಿ, ತೋರಸ್ರಿ.”

ಪೊಲೀಸ್ ಚೌಕಿಯ ಬೆಂಚಿನ ಮೇಲೆ ಕಾಸಿಮಸಾಬ ತಲೆ ತಗ್ಗಿಸಿ ಕೂತಿದ್ದ. ಟಿಕೋಟಾ ಬಸ್ಸಿನ ಕಂಡಕ್ಟರನ ಕೈಗೆ ಚೀಟಿ ಕೊಡುವಾಗ ಜಮಾದಾರ ರೇವಪ್ಪ ಅವನನ್ನು ಹಿಡಿದು ತಂದಿದ್ದ. ತಾಷ್ಕೆಂಟಿನಲ್ಲಿ, ಯುದ್ಧ ಮಾಡಿದ ಎರಡೂ ದೇಶದ ದೊಡ್ಡವರು ಒಪ್ಪಂದಕ್ಕೆ ಸಹಿ ಹಾಕಿ ತಿಂಗಳಾಗಿತ್ತು. ಆ ಸುದ್ದಿ ವಿಜಾಪುರದ ಈ ಚೌಕಿಯ ಮೆಟ್ಟಿಲನ್ನು ಇನ್ನೂ ಹತ್ತಿರಲಿಲ್ಲ.

ಕಾಸಿಮನ ಅಪ್ಪ, ಜಿಲೇಬಿ ಭಟ್ಟಿಯ ಮಶಾಕಸಾಬ ತೀರಿಹೋಗಿ ನಾಳೆಗೆ ನಲವತ್ತು ದಿನ. ಸತ್ತವನು ಇಷ್ಟಪಟ್ಟದ್ದನ್ನೇ ಮಾಡಿ ಫಾತಿಹಾ ಓದಿಸಬೇಕು. ಅವನ ಹದದ ಜಿಲೇಬಿ ಈಗ ಬರುವುದು ಟಿಕೋಟಾದಲ್ಲಿರುವ ಅವನ ತಮ್ಮ ಲಾಡಲೇಸಾಬನ ಕೈಗೆ ಮಾತ್ರ. ಚೀಟಿ ಮುಟ್ಟಿಸಲು ಸಂಜೆಯ ಬಸ್ಸೊಂದೇ ಉಳಿದಿತ್ತು. ಗೆಳೆಯ ಮಶಾಕಸಾಬನ ಶವಕ್ಕೆ ಹೆಗಲು ಕೊಟ್ಟಿದ್ದ ಅಂಬಾದಾಸ ಮಾಸ್ತರರಿಗೆ ಆ ಭಟ್ಟಿಯ ಮುಂದೆ ಹಾಯಲು ಇನ್ನೂ ಮನಸ್ಸಾಗಿರಲಿಲ್ಲ. ಚೌಕಿಗೆ ಮಾತ್ರ ಓಡಿ ಬಂದಿದ್ದರು.

ರೇವಪ್ಪ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದ.

“‘ಕಾಕಾ, ನಾಳೆ ಬರಲೇಬೇಕು. ಪಾಕ ನಿಮ್ಮ ಕೈಯಲ್ಲಿದೆ. ಗಟ್ಟಿಯಾದರೆ ನಮ್ಮ ಕೆಲಸ ಕೆಟ್ಟಿತು.’ ಏನ್ರಿ ಇದು?”

“ನಿಮ್ಮ ಅರ್ಥನ ಹಿಡಿದ್ರೂ, ಪಾಕ ಗಟ್ಟಿ ಆದ್ರ ಕೆಡತೈತಿ ಅಂದಾನ. ದೇಶಭಕ್ತಿ ಅಲ್ಲೇನು?”

“ಅದ ಸಂಶಯ. ಇವ ಯಾಕ ಅಷ್ಟು ಭಕ್ತಿ ತೋರಸಾಕತ್ತಾನ?”

“ಜಮಾದಾರ್ರ, ಜಿಲೇಬಿಗೆ ಒಂದೆಳಿ ಪಾಕ ಬೇಕು. ಎರಡೆಳಿ ಆದ್ರ ಒಳಗ ಇಳಿಯೂದಿಲ್ಲ.”

“ಎರಡು ಪಾಕ ಅದಾವ ಅನ್ನೂದು ನನಗೂ ಗೊತ್ತೈತ್ರಿ. ಒಂದು ಮೂಡಲಕ, ಒಂದು ಪಡುವಲಕ. ಜಿಲೇಬಿ ಅಂತ ಯಾಕ ಬರೀಲಿಲ್ಲ ಮತ್ತ?”

“ಹುಟ್ಟಿದಾಗಿಂದ ಜಿಲೇಬಿ ಸುಟ್ಟವಗ ಜಿಲೇಬಿ ಅಂತ ಬರದು ತಿಳಸಬೇಕೇನು? ಎರಡೂ ಸರಕಾರ ಕೈ ಕುಲುಕ್ಯಾವ. ಗಡಿ ಮ್ಯಾಲಿನ ಸೈನ್ಯ ಹಿಂದ ಸರಿಯಾಕತ್ತೈತಿ.”

“ಅವರಿಗೆ ಹುಕುಂ ಬಂದೈತಿ, ಸರಿಯಾಕತ್ತಾರ. ನನಗ ಸರಿ ಅಂತ ಯಾರೂ ಬರದಿಲ್ಲ.”

ರೇವಪ್ಪ ಚೀಟಿಯ ಮೇಲೆ ಬೆರಳಾಡಿಸಿದ.

“ಅಕ್ಷರ ನೋಡ್ರಿ, ಏನ್ ದುಂಡಗ ಅದಾವ. ಭಟ್ಟಿ ಮುಂದ ಕೂಡವನ ಅಕ್ಷರ ಅಲ್ಲ ಇವು. ಎಲ್ಲೋ ತರಬೇತಿ ಆಗೈತಿ.”

“ಆಗೈತಿ. ಧಾರವಾಡದಾಗ, ಮಾಸ್ತರಕಿ ತರಬೇತಿ. ಅವಗ ಕನ್ನಡ ಬರಿಯಾಕ ಬರೂದಿಲ್ಲ. ಅಕ್ಷರ ನನ್ನವು. ಕೆಳಗ ಸಹಿ ಅಷ್ಟ ಅವಂದು.”

ಮಾಸ್ತರರು ಎರಡೂ ಕೈ ಮುಂದೆ ಚಾಚಿದರು.

“ಹಿಡೀರಿ ನನ್ನ.”

ರೇವಪ್ಪ ಚೀಟಿಯನ್ನು ಮತ್ತೊಮ್ಮೆ ಮೊದಲಿನಿಂದ ಓದಿದ. ಓದುತ್ತ ಓದುತ್ತ ಅವನ ಮುಖ ಸಡಿಲವಾಯಿತು.

“ಮೊದಲ ಹೇಳಬಾರದೇನ್ರಿ? ನೀವು ಬರದದ್ದಾದ್ರ ಇದು ಸಕ್ಕರಿ ಪಾಕನ.”

“ಅಕ್ಷರ ಅವ ಅದಾವಲ್ರಿ.”

“ಅಕ್ಷರ ಅವ ಖರೆ. ಬರದವರು ಬ್ಯಾರೆ. ಏಳಲೇ ಕಾಸಿಮ, ಬಸ್ಸು ಹೋದೀತು.”

ಕಾಸಿಮಸಾಬ ಎದ್ದು ಚೀಟಿ ಇಸಿದುಕೊಂಡ. ಮಡಚುವ ಮೊದಲು ಒಮ್ಮೆ ನೋಡಿದ.

“ಮಾಸ್ತರ್ರ,” ಎಂದ, “ಇನ್ನ ಮ್ಯಾಲ ನನ್ನ ಸಹಿನೂ ನೀವ ಮಾಡಿಬಿಡ್ರಿ.”